ಕೋಣೆಯಷ್ಟೇ ಸಾಲದು, ಮೊದಲ ಗ್ರಾಹಕನೂ ಬೇಕು

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಹೊಸ ಆ್ಯಂಟಿಬಯೊಟಿಕ್ ಹುಡುಕಲು ಹೊರಟ ಪುಟ್ಟ ಕಂಪನಿಯೊಂದು ಮೊದಲ ದಿನವೇ ಕೋಟಿಗಟ್ಟಲೆ ಬೆಲೆಯ ಯಂತ್ರ ಕೊಳ್ಳುವುದು ಆಗದ ಮಾತು. 2014ರಲ್ಲಿ ಶುರುವಾದ ಅಂಥದ್ದೇ ಒಂದು ಕಂಪನಿ ಬಗ್‌ವರ್ಕ್ಸ್ ನೆಲೆ ಕಂಡುಕೊಂಡಿದ್ದು ಬೆಂಗಳೂರಿನ ಜಿಕೆವಿಕೆ ಆವರಣದ ಸಿ-ಕ್ಯಾಂಪ್‌ನಲ್ಲಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಕಟ್ಟಿದ ಸಂಸ್ಥೆ ಇದು. ದುಬಾರಿ ಉಪಕರಣಗಳನ್ನೂ ಅವನ್ನು ನಡೆಸಬಲ್ಲ ಪರಿಣತರನ್ನೂ ಒಂದೇ ಸೂರಿನಡಿ ಇಟ್ಟು, ಶುಲ್ಕ ಪಡೆದು ಎಲ್ಲರಿಗೂ ಬಳಸಲು ಕೊಡುತ್ತದೆ. 2017ರಲ್ಲಿ ಬಗ್‌ವರ್ಕ್ಸ್‌ಗೆ ಕಾರ್ಬ್-ಎಕ್ಸ್ ಎಂಬ ಅಂತರರಾಷ್ಟ್ರೀಯ ನಿಧಿಯ ನೆರವೂ ದೊರೆಯಿತು.

ನವೋದ್ಯಮಗಳನ್ನು ಪೋಷಿಸುವ ಸರ್ಕಾರಿ ಇನ್‌ಕ್ಯುಬೇಟರ್ ಎಂದರೆ ಏನಾಗಿರಬೇಕು ಎಂಬುದಕ್ಕೆ ಸಿ-ಕ್ಯಾಂಪ್ ಒಳ್ಳೆಯ ಮಾದರಿ. ಮೇಜು, ಕುರ್ಚಿ, ವೈ-ಫೈ ಈಗ ಯಾವ ಊರಿನಲ್ಲಾದರೂ ಬಾಡಿಗೆಗೆ ಸಿಗುತ್ತವೆ. ಬಾಡಿಗೆಗೆ ಸಿಗದ್ದನ್ನು ಒದಗಿಸುವುದೇ ಸರ್ಕಾರದ ಹಣದಲ್ಲಿ ನಡೆಯುವ ಕೇಂದ್ರದ ಕೆಲಸ.

ಆಹಾರೋದ್ಯಮವನ್ನೇ ನೋಡಿ. ಉತ್ತರ ಕರ್ನಾಟಕದ ಮಹಿಳಾ ಸಂಘವೊಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ದೂರದ ಊರಿನ ಅಂಗಡಿಗೆ ಕಳಿಸಬೇಕಿದ್ದರೆ ರುಚಿಯೊಂದೇ ಸಾಲದು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು, ಎಷ್ಟು ದಿನ ಕೆಡದೆ ಉಳಿಯುತ್ತದೆಂಬ ಪರೀಕ್ಷೆ ಬೇಕು, ಎಣ್ಣೆ ಕಮಟಾಗದಂತೆ ಕಾಯುವ ಪ್ಯಾಕಿಂಗ್ ಬೇಕು. ಈ ವಿದ್ಯೆಯೆಲ್ಲ 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇದೆ. ಅಂಥ ಸಂಸ್ಥೆಯ ಬಾಗಿಲಿಗೆ ದಾರಿ ತೋರಿಸಿ, ಪರೀಕ್ಷೆಯ ಖರ್ಚಿನಲ್ಲಿ ಪಾಲು ಹೊತ್ತುಕೊಳ್ಳುವುದು ಜಿಲ್ಲಾ ಮಟ್ಟದ ಇನ್‌ಕ್ಯುಬೇಟರ್ ಮಾಡಬಹುದಾದ ದೊಡ್ಡ ಉಪಕಾರ.

ಉಪಕರಣ, ಪರೀಕ್ಷೆಗಳ ನಂತರ ಎರಡನೆಯ ಕೊರತೆ ಸಮಯದ್ದು.

ಕೇಂದ್ರ ಸರ್ಕಾರ 2021ರಲ್ಲಿ ₹945 ಕೋಟಿಯ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ ಯೋಜನೆ ತಂದಿತು. ಮಾದರಿ ತಯಾರಿಸಿ ಪ್ರಯೋಗಿಸಲು ಅದರಲ್ಲಿ ₹20 ಲಕ್ಷದವರೆಗೆ ಅನುದಾನಕ್ಕೆ ಅವಕಾಶವಿತ್ತು. ಆಯ್ಕೆಯೂ ವಿತರಣೆಯೂ ಇನ್‌ಕ್ಯುಬೇಟರ್‌ಗಳ ಮೂಲಕವೇ. ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಬೈರಾಕ್ ಸಂಸ್ಥೆಯ ‘ಬಿಗ್’ ಯೋಜನೆ ₹50 ಲಕ್ಷದವರೆಗೆ ಕೊಡುತ್ತದೆ, ಅವಧಿ 18 ತಿಂಗಳು. ಆದರೆ ಯಂತ್ರ, ಔಷಧ, ವಾಹನಗಳು ಅಷ್ಟು ಬೇಗ ಮಾರುಕಟ್ಟೆಗೆ ಬರುವುದಿಲ್ಲ. ಐಐಟಿ ಮದ್ರಾಸ್‌ನ ಇನ್‌ಕ್ಯುಬೇಷನ್ ಕೇಂದ್ರದ ಬೆಂಬಲದಲ್ಲಿ 2013ರಲ್ಲಿ ಮೊದಲ ಹೆಜ್ಜೆ ಇಟ್ಟ ಏಥರ್ ಎನರ್ಜಿ ತನ್ನ ಸ್ಕೂಟರನ್ನು ಬೆಂಗಳೂರಿನ ರಸ್ತೆಗಿಳಿಸಿದ್ದು 2018ರಲ್ಲಿ. ಆ್ಯಪ್ ಮಾಡುವವರಿಗೂ ಯಂತ್ರ ಮಾಡುವವರಿಗೂ ಒಂದೇ ಗಡುವು ವಿಧಿಸುವುದು ಸರಿಯಲ್ಲ.

ಸಣ್ಣ ಊರುಗಳಲ್ಲಿ ತೊಡಕು ಇನ್ನೂ ಹೆಚ್ಚು. ರಾಜ್ಯ ಸರ್ಕಾರದ ‘ನೈನ್’ ಯೋಜನೆ ಬೆಂಗಳೂರಿನಾಚೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇನ್‌ಕ್ಯುಬೇಷನ್ ಕೇಂದ್ರ ತೆರೆಸಿದ್ದು ಸರಿಯಾದ ಹೆಜ್ಜೆ. ಆದರೆ ಅಲ್ಲಿನ ವಿದ್ಯಾರ್ಥಿಗಳ ಪದವಿ ಮುಗಿದ ಕೂಡಲೇ ಮನೆಯವರು ಸಂಬಳದ ದಾರಿ ನೋಡುತ್ತಾರೆ. ತಂಡ ಚದುರಿದರೆ ಒಳ್ಳೆಯ ಮಾದರಿಯೂ ಕಾಲೇಜಿನ ಕಪಾಟು ಸೇರುತ್ತದೆ. ಕೇಂದ್ರದ ‘ನಿಧಿ’ ಕಾರ್ಯಕ್ರಮದಡಿ ಹೊಸ ಉದ್ಯಮಿಗೆ ತಿಂಗಳಿಗೆ ಗರಿಷ್ಠ ₹30 ಸಾವಿರ ಫೆಲೋಶಿಪ್ ಕೊಡುವ ವ್ಯವಸ್ಥೆಯಿದೆ. ಅದು ಕಲಬುರಗಿ, ವಿಜಯಪುರ, ಚಿತ್ರದುರ್ಗದ ಹುಡುಗ ಹುಡುಗಿಯರಿಗೂ ಸುಲಭವಾಗಿ ಎಟುಕುವಂತಾಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಗ್ರಾಹಕ. ಆಸ್ಪತ್ರೆ, ಶಾಲೆ, ನಗರಸಭೆ, ಸಾರಿಗೆ ನಿಗಮಗಳನ್ನು ನಡೆಸುವ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಯಾರಿದ್ದಾರೆ? ಗುಣಮಟ್ಟದಲ್ಲಿ ರಾಜಿಯಾಗದೆ, ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತನ್ನು ನವೋದ್ಯಮಗಳಿಗೆ ಸಡಿಲಿಸಲು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಅವಕಾಶ ಕೊಟ್ಟಿವೆ. ಆದರೆ ಟೆಂಡರ್ ಕಾಗದ ಓದಿ ಅರ್ಥ ಮಾಡಿಕೊಳ್ಳುವುದು, ಅಧಿಕಾರಿಗೆ ಉತ್ಪನ್ನ ತೋರಿಸುವುದು, ಬಿಲ್ಲಿನ ಹಣಕ್ಕೆ ಕಾಯುವುದು ಹೊಸಬರನ್ನು ಹಣ್ಣುಗಾಯಿ ಮಾಡುವ ಕೆಲಸ. ಇನ್‌ಕ್ಯುಬೇಟರ್ ಅವರ ಪರವಾಗಿ ಇಲಾಖೆಯ ಮುಂದೆ ಕೂರಬೇಕು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಒಂದು ಬಸ್ ಡಿಪೊದಲ್ಲಿ ಪ್ರಯೋಗಕ್ಕೆ ಅನುಮತಿ ಕೊಡಿಸಬೇಕು.

ಎಷ್ಟು ಕಂಪನಿಗಳಿಗೆ ಜಾಗ ಕೊಟ್ಟೆವು, ಎಷ್ಟು ಕಾರ್ಯಾಗಾರ ನಡೆಸಿದೆವು ಎಂಬ ಲೆಕ್ಕ ವಾರ್ಷಿಕ ವರದಿಯ ಪುಟ ತುಂಬಿಸಬಹುದು. ಎಷ್ಟು ಮಂದಿ ಮೊದಲ ಮಾರಾಟ ಮಾಡಿದರು, ಕೇಂದ್ರ ಬಿಟ್ಟ ಮೂರು ವರ್ಷದ ನಂತರ ಎಷ್ಟು ಉದ್ಯಮಗಳು ಉಳಿದಿವೆ, ಎಷ್ಟು ಜನರಿಗೆ ಕೆಲಸ ಕೊಟ್ಟಿವೆ ಎಂಬ ಲೆಕ್ಕವನ್ನೂ ಪ್ರತಿ ಕೇಂದ್ರ ಸಾರ್ವಜನಿಕರ ಮುಂದಿಡಬೇಕು. ಮುಂದಿನ ಅನುದಾನವನ್ನು ಸರ್ಕಾರ ಆ ಲೆಕ್ಕ ನೋಡಿಯೇ ನಿರ್ಧರಿಸಲಿ.