ಚಿಕಿತ್ಸಾಲಯದ ಗಣಕಯಂತ್ರ ನಿಂತ ದಿನ

2017ರ ಮೇ 12, ಶುಕ್ರವಾರ. ಇಂಗ್ಲೆಂಡಿನ ನೂರಾರು ಚಿಕಿತ್ಸಾಲಯಗಳ ಗಣಕಯಂತ್ರಗಳಲ್ಲಿ ರೋಗಿಗಳ ಹೆಸರು ಕಾಣಬೇಕಾದ ತೆರೆಯ ಮೇಲೆ ಕೆಂಪು ಬಣ್ಣದ ಬೆದರಿಕೆಯೊಂದು ಮೂಡಿತು. ಕಡತಗಳಿಗೆಲ್ಲ ಬೀಗ ಬಿದ್ದಿದೆ, ಬೀಗ ತೆಗೆಯಬೇಕಾದರೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಸಲ್ಲಿಸಬೇಕು, ತಡವಾದರೆ ಮೊತ್ತ ಇಮ್ಮಡಿಯಾಗುತ್ತದೆ ಎಂಬುದು ಅದರ ಸಾರ. 'ವಾನಾಕ್ರೈ' ಎಂಬ ಹೆಸರಿನ ಆ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಿಗೆ ಹಬ್ಬಿತು.

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ಅದರ ಗುರಿಯಾಗಿರಲಿಲ್ಲ. ಬಾಗಿಲು ತೆರೆದಿದ್ದ ಎಲ್ಲ ಕಡೆಗೂ ಅದು ನುಗ್ಗಿತು, ಅಷ್ಟೆ. ಅಲ್ಲಿ ಆಸ್ಪತ್ರೆ ಮೊದಲಾದ ಸೇವೆಗಳನ್ನು ನಡೆಸುವ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 81ಕ್ಕೆ ತೊಂದರೆಯಾಯಿತು. ಊರಿನ ಕುಟುಂಬ ವೈದ್ಯರು ನಡೆಸುವ 595 ಚಿಕಿತ್ಸಾಲಯಗಳ ಯಂತ್ರಗಳಿಗೂ ಸೋಂಕು ತಗಲಿತು. ಸುಮಾರು 19,000 ಭೇಟಿಗಳು ರದ್ದಾಗಿರಬಹುದೆಂದು ಅಂದಾಜಿಸಲಾಯಿತು. ಐದು ಪ್ರದೇಶಗಳಲ್ಲಿ ತುರ್ತು ಚಿಕಿತ್ಸೆಗಾಗಿ ಬಂದವರು ದೂರದ ಬೇರೆ ಆಸ್ಪತ್ರೆಗಳಿಗೆ ಹೋಗಬೇಕಾಯಿತು. ಅದೇ ದಿನ ಸಂಜೆ ಮಾರ್ಕಸ್ ಹಚಿನ್ಸ್ ಎಂಬ ಯುವಕ ಆ ಕುತಂತ್ರಾಂಶದೊಳಗೆ ಅಡಗಿದ್ದ ಜಾಲತಾಣದ ವಿಳಾಸವೊಂದನ್ನು ಗುರುತಿಸಿ ತನ್ನ ಹೆಸರಿಗೆ ನೋಂದಾಯಿಸಿಕೊಂಡ ಮೇಲೆ ಅದರ ಓಟ ತಗ್ಗಿತು. ಇಲ್ಲದಿದ್ದರೆ ಹಾನಿ ಇನ್ನೂ ಹೆಚ್ಚುತ್ತಿತ್ತು.

ಈ ಅನಾಹುತ ನಮ್ಮ ಗಡಿನಾಡಿಗೂ ದೂರದ ಸುದ್ದಿಯಾಗಿ ಉಳಿಯಲಿಲ್ಲ. ಮೇ 15ರ ಸೋಮವಾರ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿ ಕಚೇರಿಯ ಗಣಕಯಂತ್ರಗಳಲ್ಲಿಯೂ ಅದೇ ಕೆಂಪು ತೆರೆ ಕಾಣಿಸಿಕೊಂಡಿತು. ಲಂಡನಿನ ಆಸ್ಪತ್ರೆಗೂ ಕಾಫಿ ತೋಟಗಳ ನಡುವಿನ ಪಂಚಾಯತಿಗೂ ಯಂತ್ರದ ಒಳಗಿನ ದೌರ್ಬಲ್ಯ ಒಂದೇ ಆಗಿತ್ತು.

ಐವತ್ತೊಂಬತ್ತು ದಿನಗಳ ಅವಕಾಶ

ಆ ದೌರ್ಬಲ್ಯಕ್ಕೆ ಮದ್ದು ಮೊದಲೇ ಸಿದ್ಧವಾಗಿತ್ತು. ವಿಂಡೋಸ್ ವ್ಯವಸ್ಥೆಯಲ್ಲಿದ್ದ ಈ ಲೋಪವನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ದಾಳಿಗೆ ಮುಂಚೆ 59 ದಿನಗಳ ಅವಕಾಶವಿತ್ತು. ತಿದ್ದುಪಡಿಯನ್ನು ಅಳವಡಿಸಿಕೊಳ್ಳುವಂತೆ ಆರೋಗ್ಯ ಸೇವೆಯ ಘಟಕಗಳಿಗೆ ಎಚ್ಚರಿಕೆಯೂ ಹೋಗಿತ್ತು. ಹಳೆಯ ಕಾಲದ ಯಂತ್ರಗಳೇ ಎಲ್ಲಕ್ಕೂ ಕಾರಣವೆಂದು ಆಗ ಹಲವರು ಭಾವಿಸಿದರು. ಆದರೆ ಸೋಂಕು ತಗಲಿದ ಹೆಚ್ಚಿನವು ಆಗಿನ್ನೂ ತಿದ್ದುಪಡಿ ದೊರೆಯುತ್ತಿದ್ದ ವಿಂಡೋಸ್ 7 ಯಂತ್ರಗಳೇ. ಅವುಗಳಿಗೆ ತಿದ್ದುಪಡಿಯನ್ನು ಹಾಕಿರಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು ತನ್ನ ವರದಿಯನ್ನು ಪ್ರಕಟಿಸಿತು. ಸರಳವಾದ ಭದ್ರತಾ ಕ್ರಮಗಳನ್ನು ಪಾಲಿಸಿದ್ದರೆ ಈ ದಾಳಿಯನ್ನು ತಡೆಯಬಹುದಿತ್ತು ಎಂಬುದು ಅದರ ಮುಖ್ಯ ತೀರ್ಮಾನ. ಅದರಲ್ಲಿ ಇನ್ನೊಂದು ಮಾತಿದೆ; ಸಣ್ಣ ಚಿಕಿತ್ಸಾಲಯಗಳು ಹೆಚ್ಚಾಗಿ ಗಮನಿಸಬೇಕಾದುದು ಅದನ್ನೇ. ಸೈಬರ್ ದಾಳಿಯಾದಾಗ ಯಾರು ಏನು ಮಾಡಬೇಕೆಂಬ ಯೋಜನೆಯನ್ನು ಆರೋಗ್ಯ ಇಲಾಖೆಯು ರೂಪಿಸಿತ್ತು. ಸ್ಥಳೀಯ ಮಟ್ಟದಲ್ಲಿ ಅದನ್ನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಹೀಗಾಗಿ ಯಾರಿಗೆ ಕರೆ ಮಾಡಬೇಕೆಂಬುದೇ ಹಲವರಿಗೆ ತಿಳಿಯದೆ, ಸಿಬ್ಬಂದಿ ತಮ್ಮ ಸ್ವಂತ ಮೊಬೈಲುಗಳ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳುಹಿಸುತ್ತ, ಕಾಗದದಲ್ಲಿ ಬರೆಯುತ್ತ ದಿನ ದೂಡಿದರು.

ದೆಹಲಿಯ ಪಾಠ

ಐದು ವರ್ಷಗಳ ಬಳಿಕ ಇಂಥದೇ ಪರೀಕ್ಷೆ ಭಾರತಕ್ಕೂ ಬಂತು. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ, ಅಂದರೆ ಏಮ್ಸ್‌ನ, ಗಣಕ ವ್ಯವಸ್ಥೆ ಸ್ತಬ್ಧವಾಯಿತು. ಹೊರರೋಗಿಗಳ ನೋಂದಣಿ, ಒಳರೋಗಿಗಳ ದಾಖಲಾತಿ, ಬಿಡುಗಡೆ, ಪ್ರಯೋಗಾಲಯದ ವರದಿ ಎಲ್ಲವೂ ಕೈಬರಹಕ್ಕೆ ಮರಳಿದವು. ಐದು ಸರ್ವರ್‌ಗಳ ಮೇಲೆ ದಾಳಿಯಾಗಿ ಸುಮಾರು 1.3 ಟೆರಾಬೈಟ್‌ನಷ್ಟು ಮಾಹಿತಿಗೆ ಬೀಗ ಬಿದ್ದಿತೆಂದು ಸರಕಾರವು ಸಂಸತ್ತಿಗೆ ತಿಳಿಸಿತು. ಸಂಸ್ಥೆಯೊಳಗಿನ ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದುದು ಇದಕ್ಕೆ ಕಾರಣವೆಂದೂ ಹೇಳಿತು. ಮನೆಯ ಎಲ್ಲ ಕೋಣೆಗಳಿಗೂ ಒಂದೇ ಬೀಗದ ಕೈ ಇದ್ದರೆ, ಜಗಲಿಗೆ ಬಂದ ಕಳ್ಳ ಪೆಟ್ಟಿಗೆಯ ಕೋಣೆಗೂ ಹೋಗಬಲ್ಲ ಎಂಬಂತಹ ಸ್ಥಿತಿ ಅದು.

ಆದರೂ ಏಮ್ಸ್‌ನ ಕಥೆ ಸಂಪೂರ್ಣ ನಷ್ಟದಲ್ಲಿ ಮುಗಿಯಲಿಲ್ಲ. ದಾಳಿಗೆ ಸಿಲುಕದೆ ಉಳಿದಿದ್ದ ಮೀಸಲು ಸರ್ವರ್ ಒಂದರಿಂದ ರೋಗಿಗಳ ಮಾಹಿತಿಯನ್ನು ಹೊಸ ಸರ್ವರ್‌ಗಳಿಗೆ ತುಂಬಿಸಲಾಯಿತು. ಸುಮಾರು ಎರಡು ವಾರಗಳಲ್ಲಿ ನೋಂದಣಿ, ದಾಖಲಾತಿ ಮೊದಲಾದ ಮುಖ್ಯ ಸೇವೆಗಳು ಮತ್ತೆ ನಡೆಯತೊಡಗಿದವು. ಆ ಎರಡು ವಾರ ಆಸ್ಪತ್ರೆಯನ್ನು ನಡೆಸಿದ್ದು ಕಾಗದ. ಬಳಿಕ ಅದನ್ನು ಎತ್ತಿ ನಿಲ್ಲಿಸಿದ್ದು ಬೇರೆಡೆ ಇಟ್ಟಿದ್ದ ಪ್ರತಿ.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ವೈದ್ಯಕೀಯ ತಂತ್ರಜ್ಞಾನದ ತೊಂದರೆಯನ್ನು ತಡೆಯುವುದು ದುಬಾರಿ ಯಂತ್ರವಲ್ಲ, ತೊಂದರೆಗೆ ಮುಂಚೆ ಯಾರೋ ಒಬ್ಬರು ತಪ್ಪದೆ ಮಾಡಿಟ್ಟ ಸಣ್ಣ ಕೆಲಸ. ಹಾಗಾದರೆ ಅದು ಒಬ್ಬ ವೈದ್ಯರು, ಒಬ್ಬ ದಾದಿ, ಒಬ್ಬ ಗುಮಾಸ್ತರಿರುವ ನಮ್ಮ ಊರಿನ ಚಿಕಿತ್ಸಾಲಯಕ್ಕೂ ಸಾಧ್ಯವಿರುವ ಕೆಲಸವೇ.

ಸಣ್ಣ ಚಿಕಿತ್ಸಾಲಯದ ದಿನಚರಿ

ಮೊದಲನೆಯದು ಮೀಸಲು ಪ್ರತಿ, ಬಳಕೆಯ ಮಾತಿನಲ್ಲಿ ಬ್ಯಾಕಪ್. ಈ ಕ್ಷೇತ್ರದಲ್ಲಿ ಸರ್ವಮಾನ್ಯವಾದ ಸೂತ್ರವೊಂದಿದೆ: ಮಾಹಿತಿಯ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಕಟ್ಟಡದ ಹೊರಗಿರಲಿ. ಪ್ರತಿ ತೆಗೆದ ಹಾರ್ಡ್ ಡಿಸ್ಕನ್ನು ಯಂತ್ರಕ್ಕೆ ಸದಾ ಜೋಡಿಸಿಯೇ ಇಟ್ಟರೆ ಪ್ರಯೋಜನವಿಲ್ಲ. ಯಂತ್ರಕ್ಕೆ ಬಿದ್ದ ಬೀಗ ಅದಕ್ಕೂ ಬೀಳುತ್ತದೆ. ಪ್ರತಿ ತೆಗೆದ ಕೂಡಲೇ ಅದನ್ನು ಬಿಡಿಸಿ ಬೇರೆಡೆ ಇಡಬೇಕು. ಮೂರು ತಿಂಗಳಿಗೊಮ್ಮೆಯಾದರೂ ಅದರಿಂದ ಕೆಲವು ರೋಗಿಗಳ ದಾಖಲೆಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯು ಇದೆಯೋ ಇಲ್ಲವೋ ಎಂಬುದು ಅಪಾಯದ ದಿನವೇ ತಿಳಿಯುತ್ತದೆ.

ಎರಡನೆಯದು ತಿದ್ದುಪಡಿ. 'ಅಪ್‌ಡೇಟ್ ಮಾಡಲೇ' ಎಂದು ಯಂತ್ರ ಕೇಳಿದಾಗಲೆಲ್ಲ 'ನಂತರ' ಎಂದು ಒತ್ತುವುದು ರೂಢಿಯಾಗಿಬಿಟ್ಟಿದೆ. ರೋಗಿಗಳಿಲ್ಲದ ವೇಳೆಯೊಂದನ್ನು, ಹೇಳುವುದಾದರೆ ಭಾನುವಾರದ ಮಧ್ಯಾಹ್ನವನ್ನು, ಅದಕ್ಕೆಂದೇ ಗೊತ್ತುಮಾಡಿದರೆ ಕೆಲಸಕ್ಕೂ ಅಡ್ಡಿಯಿಲ್ಲ, ಮರೆವಿಗೂ ಎಡೆಯಿಲ್ಲ.

ಮೂರನೆಯದು ಬೀಗದ ಕೈ. ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ತೆರೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಎಂಬ ಪದ್ಧತಿ ಹೋಗಬೇಕು. ಪ್ರತಿಯೊಬ್ಬ ಸಿಬ್ಬಂದಿಗೂ ಪ್ರತ್ಯೇಕ ಪ್ರವೇಶವಿದ್ದರೆ ಯಾರು ಯಾವ ದಾಖಲೆಯನ್ನು ತಿದ್ದಿದರೆಂಬುದು ತಿಳಿಯುತ್ತದೆ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ಮುಚ್ಚಬಹುದು. ಕಾದು ಕುಳಿತವರಿಗೆ ಕೊಡುವ ವೈಫೈ ಬೇರೆ, ರೋಗಿಗಳ ದಾಖಲೆಯಿರುವ ಯಂತ್ರದ ಜಾಲ ಬೇರೆ ಇರಬೇಕು. ಏಮ್ಸ್‌ನಲ್ಲಿ ಕೊರತೆಯಾಗಿದ್ದ ವಿಭಾಗೀಕರಣದ ಅತಿ ಸಣ್ಣ ರೂಪವಿದು.

ನಾಲ್ಕನೆಯದು ವಿದ್ಯುತ್ತು. ಕಾಸರಗೋಡಿನ ಕಡೆಯವರಿಗೆ ಪತ್ತನಾಜೆಯ ಆಸುಪಾಸಿನ ಗುಡುಗುಮಳೆಯನ್ನೂ ತುಲಾಮಾಸದ ಸಂಜೆಯ ಸಿಡಿಲನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಯುಪಿಎಸ್ ಕೊಡುವುದು ಕೆಲಸ ಮುಂದುವರಿಸುವ ಶಕ್ತಿಯನ್ನಲ್ಲ, ಯಂತ್ರವನ್ನು ಕ್ರಮವಾಗಿ ಆರಿಸುವಷ್ಟು ಸಮಯವನ್ನು. ಕೆಲವು ವರ್ಷಗಳಲ್ಲಿ ಅದರ ಬ್ಯಾಟರಿ ಬಲಗುಂದುವುದರಿಂದ ಆಗಾಗ ಪರೀಕ್ಷಿಸಬೇಕು. ಸಿಡಿಲಿನ ಸೂಚನೆಯಿದ್ದಾಗ ವಿದ್ಯುತ್ ಪ್ಲಗ್ ಮಾತ್ರವಲ್ಲ, ಅಂತರ್ಜಾಲದ ತಂತಿಯನ್ನೂ ಬಿಡಿಸಬೇಕು. ಸಿಡಿಲಿನ ಏಟು ಆ ದಾರಿಯಿಂದಲೂ ಬರುತ್ತದೆ.

ವಿದ್ಯುತ್ತಿನೊಂದಿಗೆ ಲಸಿಕೆಯ ಮಾತೂ ಬರುತ್ತದೆ. ಲಸಿಕೆಗಳ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿ ಏರಿದರೆ ಲಸಿಕೆ ಕೆಡುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಹೆಪಟೈಟಿಸ್-ಬಿ, ಡಿಪಿಟಿಯಂತಹ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಆದುದರಿಂದಲೇ ದಿನಕ್ಕೆ ಎರಡು ಬಾರಿ ಉಷ್ಣತೆಯನ್ನು ನೋಡಿ ಬರೆದಿಡುವ ಕ್ರಮವಿದೆ. ಗೋಡೆಗೆ ತೂಗುಹಾಕಿದ ಆ ಹಾಳೆ ಬಹಳ ಸಾಧಾರಣವಾಗಿ ಕಂಡರೂ ಮಗುವಿನ ತೋಳಿಗೆ ಚುಚ್ಚುವ ಮದ್ದಿನಲ್ಲಿ ಬಲವಿದೆಯೇ ಎಂಬುದಕ್ಕೆ ಅದೊಂದು ಸಾಕ್ಷಿ.

ಐದನೆಯದು ಅಭ್ಯಾಸ. ಖಾಲಿ ಚೀಟಿ, ನೋಂದಣಿ ಪುಸ್ತಕ, ಪ್ರಯೋಗಾಲಯದ ನಮೂನೆ, ಅಗತ್ಯ ದೂರವಾಣಿ ಸಂಖ್ಯೆಗಳ ಪಟ್ಟಿ ಇವುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೆ ಎರಡು ಬಾರಿ ಅರ್ಧ ದಿನ ಗಣಕಯಂತ್ರವಿಲ್ಲದೆ ಚಿಕಿತ್ಸಾಲಯವನ್ನು ನಡೆಸಿ ನೋಡಬೇಕು. ಇಂಗ್ಲೆಂಡಿನಲ್ಲಿ ಯೋಜನೆ ಇತ್ತು, ಅಭ್ಯಾಸ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಹೆಸರಿನ ತೊಡಕು

ಗಡಿನಾಡಿನ ಕನ್ನಡಿಗರಿಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆ ಇನ್ನೊಂದಿದೆ. ಅದಕ್ಕೆ ಯಾವ ದಾಳಿಕೋರನೂ ಬೇಕಾಗಿಲ್ಲ. ಶಾಲೆಯ ದಾಖಲೆಯಲ್ಲಿ ಹೆಸರು ಕನ್ನಡದಲ್ಲಿ, ಪಡಿತರ ಚೀಟಿಯಲ್ಲಿ ಮಲಯಾಳದಲ್ಲಿ, ಆಸ್ಪತ್ರೆಯ ಗಣಕಯಂತ್ರದಲ್ಲಿ ಇಂಗ್ಲಿಷಿನಲ್ಲಿ. ಕಿವಿಗೆ ಬಿದ್ದಂತೆ ಗುಮಾಸ್ತರು ಟೈಪು ಮಾಡುವಾಗ ಒಂದು ಅಕ್ಷರ ಹೆಚ್ಚುಕಡಿಮೆಯಾಗುತ್ತದೆ. ಮನೆತನದ ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬೀಳುತ್ತದೆ. ಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು, ಆದುದರಿಂದ ಇಬ್ಬರು ರೋಗಿಗಳು. ಪೆನಿಸಿಲಿನ್ ಒಗ್ಗುವುದಿಲ್ಲವೆಂದು ಹೋದ ವರ್ಷ ಬರೆದ ಎಚ್ಚರಿಕೆ ಒಂದು ದಾಖಲೆಯಲ್ಲಿ, ಈ ದಿನ ವೈದ್ಯರು ತೆರೆದದ್ದು ಇನ್ನೊಂದನ್ನು! ಇದಕ್ಕೆ ವಿರುದ್ಧವಾದುದೂ ಉಂಟು: ಒಂದೇ ಹೆಸರಿನ ಇಬ್ಬರ ದಾಖಲೆಗಳು ಒಂದಾಗಿಬಿಡುವುದು.

ಪರಿಹಾರ ಕಷ್ಟವಲ್ಲ. ಹೆಸರೊಂದನ್ನೇ ನಂಬದೆ ಜನ್ಮದಿನಾಂಕವನ್ನೂ ದೂರವಾಣಿ ಸಂಖ್ಯೆಯನ್ನೂ ಪ್ರತಿ ಬಾರಿ ಕೇಳಿ ಹೊಂದಿಸಿ ನೋಡುವುದು ಚಿಕಿತ್ಸಾಲಯದ ಕೆಲಸ. ಆಧಾರ್ ಚೀಟಿಯಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರಗಳನ್ನು ಒಂದು ಕಾಗದದಲ್ಲಿ ಬರೆದು ಎಲ್ಲೆಡೆಯೂ ಅದನ್ನೇ ತೋರಿಸುವುದು ಮನೆಯವರ ಕೆಲಸ. ಹದಿನಾಲ್ಕು ಅಂಕಿಗಳ 'ಆಭಾ' ಆರೋಗ್ಯ ಸಂಖ್ಯೆಯನ್ನು ಪಡೆದವರು ಅದನ್ನೂ ಅದೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬಹುದು. ಆದರೆ ಮೊಬೈಲಿಗೆ ಬರುವ ಒಟಿಪಿಯನ್ನು, ತಾವಾಗಿ ಕೇಳದೆ ಬಂದ ಕರೆಗೆ, ಆಸ್ಪತ್ರೆಯ ಹೆಸರು ಹೇಳಿದರೂ ಕೊಡಬಾರದು.

ಮನೆಯ ಕಡತ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಅನೇಕ ಕುಟುಂಬಗಳು ಊರಿನ ಚಿಕಿತ್ಸಾಲಯಕ್ಕೂ ಹೋಗುತ್ತವೆ, ತಲಪಾಡಿಯನ್ನು ದಾಟಿ ಮಂಗಳೂರಿನ ಆಸ್ಪತ್ರೆಗಳಿಗೂ ಹೋಗುತ್ತವೆ. ಇಲ್ಲಿಯ ಗಣಕಯಂತ್ರದಲ್ಲಿರುವುದು ಅಲ್ಲಿಯ ಗಣಕಯಂತ್ರಕ್ಕೆ ತಿಳಿದೇ ಇರುತ್ತದೆಂದು ಭಾವಿಸುವಂತಿಲ್ಲ. ಎರಡರ ನಡುವೆ ಮಾಹಿತಿಯನ್ನು ಒಯ್ಯುವ ಸೇತುವೆ ಇಂದಿಗೂ ರೋಗಿಯ ಕೈಚೀಲದಲ್ಲಿರುವ ಕಡತವೇ. ಆದುದರಿಂದ ಆ ಕಡತವನ್ನು ಅಚ್ಚುಕಟ್ಟಾಗಿ ಇಡುವುದು ಹಳೆಯ ಕಾಲದ ಅಭ್ಯಾಸವಲ್ಲ; ತಂತ್ರಜ್ಞಾನ ಸೋತಾಗ ಉಳಿಯುವ ಮೀಸಲು ಪ್ರತಿ ಅದು.

ಕಡತದ ಮೊದಲ ಹಾಳೆಯಲ್ಲಿ ಇಷ್ಟಿದ್ದರೆ ಸಾಕು: ಹೆಸರು, ಜನ್ಮದಿನಾಂಕ, ಒಗ್ಗದ ಮದ್ದುಗಳು, ಇರುವ ಕಾಯಿಲೆಗಳು, ಈಗ ಸೇವಿಸುತ್ತಿರುವ ಮದ್ದುಗಳು ಹಾಗೂ ಅವುಗಳ ಪ್ರಮಾಣ, ಬರೆದ ದಿನಾಂಕ. ಮಕ್ಕಳ ಕಡತದಲ್ಲಿ ಇತ್ತೀಚಿನ ತೂಕವೂ ಲಸಿಕೆಯ ಕಾರ್ಡೂ ಇರಲಿ. ಮಕ್ಕಳ ಮದ್ದಿನ ಪ್ರಮಾಣವನ್ನು ಹೆಚ್ಚಾಗಿ ತೂಕ ನೋಡಿಯೇ ನಿರ್ಧರಿಸುತ್ತಾರೆ. ಮದ್ದಿನ ಹೆಸರನ್ನು ನೆನಪಿನಿಂದ ಬರೆಯದೆ, ಪಟ್ಟಿಯ ಮೇಲೆ ಅಚ್ಚಾಗಿರುವಂತೆ, ಕಂಪನಿಯ ಹೆಸರಿನೊಂದಿಗೆ ಅದರ ಕೆಳಗಿರುವ ಮೂಲ ಔಷಧದ ಹೆಸರನ್ನೂ ಅಕ್ಷರಶಃ ನಕಲು ಮಾಡಬೇಕು. ಯಾವುದನ್ನು ಯಾತಕ್ಕಾಗಿ, ಯಾವಾಗ ಸೇವಿಸಬೇಕೆಂಬುದನ್ನು ಪಕ್ಕದಲ್ಲೇ ಕನ್ನಡದಲ್ಲಿ ಬರೆದರೆ ಅಜ್ಜ ಅಜ್ಜಿಯರೇ ಓದಿಕೊಳ್ಳಬಹುದು. ಎರಡೂ ಲಿಪಿ ಬಲ್ಲ ಏಳನೆಯ, ಎಂಟನೆಯ ತರಗತಿಯ ಮಕ್ಕಳು ಈ ಪಟ್ಟಿಯನ್ನು ಬರೆದು, ಹಿರಿಯರೊಬ್ಬರು ಮದ್ದಿನ ಪಟ್ಟಿಗಳೊಂದಿಗೆ ಹೋಲಿಸಿ ನೋಡಿದರೆ ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತದೆ.

ಇಸಿಜಿಯ ಕಾಗದದ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಅದನ್ನು ಶಾಖಕ್ಕೆ ಕಪ್ಪಾಗುವ ವಿಶೇಷ ಕಾಗದದ ಮೇಲೆ ಮುದ್ರಿಸುತ್ತಾರೆ. ಕಾಲ ಕಳೆದಂತೆ, ಬಿಸಿಲು ಬಿದ್ದಂತೆ ಅದರ ಗೆರೆಗಳು ಮಾಸಿಹೋಗುತ್ತವೆ. ಕೈಗೆ ಬಂದ ವಾರದೊಳಗೆ ಜೆರಾಕ್ಸ್ ತೆಗೆಸಿ ಮೂಲದೊಂದಿಗೆ ಇಡುವುದು ಒಳ್ಳೆಯದು. ಹೃದಯದ ತಜ್ಞರಿಗೆ ಇಂದಿನ ಗೆರೆಯಷ್ಟೇ ಹಿಂದಿನ ಗೆರೆಯೂ ಮುಖ್ಯ.

ಮುಂದಿನ ಬಾರಿ ಚಿಕಿತ್ಸಾಲಯಕ್ಕೆ ಹೋದಾಗ ಗುಮಾಸ್ತರಲ್ಲಿ ವಿನಯದಿಂದ ಒಂದು ಮಾತು ಕೇಳಬಹುದು: ಇವತ್ತು ಕಂಪ್ಯೂಟರ್ ನಿಂತುಹೋದರೆ ನಮ್ಮ ದಾಖಲೆ ಬೇರೆ ಎಲ್ಲಿದೆ? ಉತ್ತರ ಸಿದ್ಧವಿದ್ದರೆ ಸಂತೋಷ. ಇಲ್ಲದಿದ್ದರೂ ಕೇಳಿದ್ದು ವ್ಯರ್ಥವಲ್ಲ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರು ಕೇಳುವ ಮೊದಲೇ ವೈದ್ಯರು ಅದಕ್ಕೊಂದು ವ್ಯವಸ್ಥೆ ಮಾಡಿಯಾರು.