ಹಲ್ಲು ನೇರ್ಪಡಿಸುವ ವಿದ್ಯೆ

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದುತ್ತಿರುವ ನನ್ನ ತಂಗಿ ತಾನು ಆರ್ಥೊಡಾಂಟಿಸ್ಟ್ ಆಗಬೇಕೆಂದು ಹೇಳಿದಂದಿನಿಂದ ಅಂಜನಾಪುರದ ನಮ್ಮ ಮನೆಯಲ್ಲಿ ಚರ್ಚೆ ನಿಂತಿಲ್ಲ. “ಹಲ್ಲಿಗೆ ಕ್ಲಿಪ್ಪು ಹಾಕುವುದಕ್ಕೆ ಎಂಟು ವರ್ಷ ಓದಬೇಕೇನೇ?” ಎಂಬುದು ಅಪ್ಪನ ಪ್ರಶ್ನೆ. ಅದೆಲ್ಲ ಪೇಟೆಯವರ ಷೋಕಿ ಎಂಬುದು ದೊಡ್ಡಪ್ಪನ ತೀರ್ಪು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಈ ಹಾದಿಯಲ್ಲಿ ನಡೆಯುವವನಲ್ಲ. ಆದರೂ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದುದರಿಂದ ಉತ್ತರ ಹುಡುಕುವ ಹೊಣೆ ನನ್ನ ಪಾಲಿಗೆ ಬಂದಿತು. ಸಹಪಾಠಿಗಳಲ್ಲಿ ಹಲವರಿಗೆ ಇಂಥ ತಮ್ಮತಂಗಿಯರಿರಬಹುದೆಂದು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಓರೆಕೋರೆಯಾದ ಹಲ್ಲುಗಳನ್ನೂ ಒಂದಕ್ಕೊಂದು ಹೊಂದದ ದವಡೆಗಳನ್ನೂ ಸರಿಪಡಿಸುವ ಶಾಖೆಯೇ ಆರ್ಥೊಡಾಂಟಿಕ್ಸ್. ಹಲ್ಲು ಮೂಳೆಯಲ್ಲಿ ಗೂಟದಂತೆ ಹುಗಿದುಕೊಂಡಿಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪದರವೊಂದಿದೆ. ತಂತಿಯು ಹಲ್ಲನ್ನು ಮೆಲ್ಲಗೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಎಳೆತ ಬಿದ್ದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ೧ ಮಿಲಿಮೀಟರಿನಷ್ಟು ಸರಿಯುತ್ತದೆ. ಅವಸರಪಟ್ಟು ಬಲ ಹೆಚ್ಚಿಸಿದರೆ ಅಲ್ಲಿಯ ರಕ್ತಸಂಚಾರ ಕುಗ್ಗಿ ಹಲ್ಲು ಸರಿಯುವುದೇ ನಿಲ್ಲಬಹುದು, ಬೇರು ಸವೆಯಲೂಬಹುದು. ಜಲಾಶಯದ ತೂಬನ್ನು ಒಮ್ಮೆಗೇ ಪೂರ್ತಿ ಎತ್ತಿದರೆ ಗದ್ದೆಯ ಬದು ಉಳಿದೀತೆ? ದೊಡ್ಡಪ್ಪನಿಗೆ ಈ ಹೋಲಿಕೆ ಮಾತ್ರ ಹಿಡಿಸಿತು. ಆದ್ದರಿಂದಲೇ ಚಿಕಿತ್ಸೆಗೆ ಒಂದೂವರೆ, ಎರಡು ವರ್ಷ ಬೇಕಾಗುವುದು. ಮುಗಿದ ಮೇಲೂ ಹಲ್ಲು ಹಿಂದಿನ ಜಾಗಕ್ಕೆ ಮರಳಲು ಹವಣಿಸುವುದರಿಂದ ‘ರಿಟೇನರ್’ ಎಂಬ ಕಾವಲು ಹಾಕಬೇಕು.

ಇನ್ನು ಷೋಕಿಯ ಮಾತು. ಚೆಲುವಿನ ಆಸೆಯಿಂದ ಬರುವವರು ಇಲ್ಲವೆಂದಲ್ಲ. ಆದರೆ ಒತ್ತೊತ್ತಾಗಿ ಬೆಳೆದ ಹಲ್ಲುಗಳನ್ನು ಶುಚಿಯಾಗಿಡುವುದು ಕಷ್ಟ; ಮುಂದಕ್ಕೆ ಚಾಚಿದ ಬಾಚಿಹಲ್ಲು ಮಗು ಬಿದ್ದಾಗ ಬೇಗ ಮುರಿಯುತ್ತದೆ. ಸೀಳುತುಟಿ, ಸೀಳಂಗುಳದೊಡನೆ ಹುಟ್ಟಿದ ಮಕ್ಕಳ ಚಿಕಿತ್ಸೆಯಲ್ಲಿ ಶಸ್ತ್ರವೈದ್ಯರ ಜೊತೆಗೆ ಈ ತಜ್ಞರೂ ವರ್ಷಗಟ್ಟಲೆ ದುಡಿಯುತ್ತಾರೆ. ತಂಗಿಯ ಗೆಳತಿಯೊಬ್ಬಳು ಉಬ್ಬುಹಲ್ಲಿನ ಕಾರಣ ನಗುವಾಗಲೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ. ಅದನ್ನು ಷೋಕಿ ಎನ್ನಲು ನನಗೆ ಮನಸ್ಸು ಬಾರದು.

ಇದು ನಿನ್ನೆ ಮೊನ್ನೆಯ ಕಸುಬೂ ಅಲ್ಲ. ಅಮೆರಿಕದ ಎಡ್ವರ್ಡ್ ಆಂಗಲ್ ೧೮೯೯ರಲ್ಲಿ ಹಲ್ಲುಗಳ ಹೊಂದಾಣಿಕೆಯ ದೋಷಗಳನ್ನು ವರ್ಗೀಕರಿಸಿದನು. ಆರರ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆಹಲ್ಲೇ ಅವನ ಅಳತೆಗೋಲು. ೧೯೩೧ರಲ್ಲಿ ಬ್ರಾಡ್‌ಬೆಂಟ್ ತಲೆಯ ಎಕ್ಸ್‌ರೇಯನ್ನು ಒಂದೇ ಪ್ರಮಾಣದಲ್ಲಿ ತೆಗೆಯುವ ಕ್ರಮ ತಂದಮೇಲೆ ಮಗುವಿನ ದವಡೆ ಬೆಳೆಯುವ ಬಗೆಯನ್ನು ಅಳೆದು ನೋಡುವುದು ಸಾಧ್ಯವಾಯಿತು. ಈಗ ಕಂಪ್ಯೂಟರ್ ನೆರವಿನಿಂದ ತಯಾರಾಗುವ ಪಾರದರ್ಶಕ ಅಲೈನರುಗಳೂ ಬಂದಿವೆ. ಹಾಗಾದರೆ ತಜ್ಞರ ಅಗತ್ಯ ತಪ್ಪಿತೆ? ಯಾವ ಹಲ್ಲನ್ನು ಎತ್ತ ಸರಿಸಬೇಕು, ಯಾವುದನ್ನು ಕೀಳಬೇಕು, ದವಡೆ ಇನ್ನೂ ಬೆಳೆಯುವುದೇ ಎಂಬ ವಿವೇಚನೆ ತರಬೇತಾದ ವೈದ್ಯನದೇ.

ಅಪ್ಪನ ಲೆಕ್ಕವೇನೋ ಸರಿ. ಬಿ.ಡಿ.ಎಸ್. ಪದವಿಗೆ ೪ ವರ್ಷ, ಇಂಟರ್ನ್‌ಷಿಪ್ ೧ ವರ್ಷ, ಆಮೇಲೆ ಎಂ.ಡಿ.ಎಸ್. ೩ ವರ್ಷ. ಎರಡು ಹಂತಗಳಿಗೂ ಬೇರೆ ಬೇರೆ ನೀಟ್ ಪರೀಕ್ಷೆ. ಮೊದಲ ನೀಟನ್ನು ಕನ್ನಡದಲ್ಲಿಯೂ ಬರೆಯಬಹುದು; ಮುಂದಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಸರ್ಕಾರಿ ದಂತವೈದ್ಯ ಕಾಲೇಜುಗಳು ನಮ್ಮಲ್ಲಿ ಕಡಮೆ. ಬೆಂಗಳೂರಿನದು ೧೯೫೮ರಲ್ಲಿ ಆರಂಭವಾಯಿತು, ಬಳ್ಳಾರಿಯಲ್ಲಿಯೂ ಒಂದಿದೆ. ಶಿವಮೊಗ್ಗ, ದಾವಣಗೆರೆಗಳಲ್ಲಿರುವವು ಖಾಸಗಿ. ಸರ್ಕಾರಿ ಸೀಟಿಗೂ ಖಾಸಗಿ ಆಡಳಿತ ಮಂಡಳಿಯ ಸೀಟಿಗೂ ಶುಲ್ಕದಲ್ಲಿ ಬಹಳ ಅಂತರ.

ನನ್ನ ದೃಷ್ಟಿಯಲ್ಲಿ ಮನೆಯವರೆಲ್ಲ ಎರಡು ಪ್ರಶ್ನೆಗಳನ್ನು ಒಂದಾಗಿ ಕಲಸುತ್ತಿದ್ದಾರೆ. ಈಗ ತೀರ್ಮಾನಿಸಬೇಕಾದುದು ದಂತವೈದ್ಯ ಬೇಕೇ ಬೇಡವೇ ಎಂಬುದನ್ನಷ್ಟೇ. ಎಂ.ಡಿ.ಎಸ್.ನಲ್ಲಿ ೯ ಶಾಖೆಗಳಿವೆ. ಆರ್ಥೊಡಾಂಟಿಕ್ಸ್ ಅವುಗಳಲ್ಲೊಂದು, ಅದಕ್ಕೆ ಪೈಪೋಟಿಯೂ ಹೆಚ್ಚು. ಐದು ವರ್ಷ ರೋಗಿಗಳ ಬಾಯಿ ನೋಡಿದ ಮೇಲೆ ಅವಳ ಮನಸ್ಸು ಮಕ್ಕಳ ದಂತವೈದ್ಯದ ಕಡೆಗೋ ಶಸ್ತ್ರಚಿಕಿತ್ಸೆಯ ಕಡೆಗೋ ತಿರುಗಬಹುದು. ಎಂ.ಡಿ.ಎಸ್. ಸೀಟು ದೊರೆಯದಿದ್ದರೂ ಬಿ.ಡಿ.ಎಸ್. ಆದವರು ಹಲ್ಲು ತುಂಬುವ, ಕೀಳುವ, ಕಟ್ಟುವ ವೈದ್ಯರಾಗಿ ಬದುಕಬಲ್ಲರು. ಆ ಸಾಮಾನ್ಯ ಕೆಲಸವೇ ಬೇಸರವೆನ್ನುವವರು ತಂತಿಯ ಆಸೆಯೊಂದರಿಂದಲೇ ಈ ದಾರಿ ಹಿಡಿಯಬಾರದು. ಸಾಲ ಮಾಡಿ ಖಾಸಗಿ ಸೀಟು ಕೊಳ್ಳುವುದಾದರೆ ಮಾತ್ರ ಅಪ್ಪನ ಸಂದೇಹಕ್ಕೆ ನನ್ನ ಪೂರ್ಣ ಬೆಂಬಲವಿದೆ; ಪಟ್ಟಣಗಳಲ್ಲಿ ದಂತ ಚಿಕಿತ್ಸಾಲಯಗಳಿಗೆ ಬರವಿಲ್ಲ, ಹೊಸಬರಿಗೆ ಮೊದಲ ವರ್ಷಗಳ ಸಂಪಾದನೆ ಸಣ್ಣದು.

ಓದಿ ಬಂದವಳಿಗೆ ಶಿಕಾರಿಪುರದಂಥ ಊರಿನಲ್ಲಿ ಕೆಲಸವಿದೆಯೇ ಎಂದು ದೊಡ್ಡಪ್ಪ ಕೇಳಿದರು. ಈ ಚಿಕಿತ್ಸೆಯ ರೋಗಿ ದಿನವೂ ಬರಬೇಕಾಗಿಲ್ಲ. ಸಾಮಾನ್ಯವಾಗಿ ನಾಲ್ಕಾರು ವಾರಗಳಿಗೊಮ್ಮೆ ತಂತಿ ಸರಿಮಾಡಿಸಿಕೊಂಡರೆ ಸಾಕು. ಅದರಿಂದ ಆರ್ಥೊಡಾಂಟಿಸ್ಟರು ಅನೇಕರು ಒಂದೇ ಕಡೆ ಕೂರದೆ, ಗೊತ್ತಾದ ದಿನಗಳಲ್ಲಿ ಬೇರೆ ಬೇರೆ ದಂತವೈದ್ಯರ ಚಿಕಿತ್ಸಾಲಯಗಳಿಗೆ ಹೋಗಿ ಬರುತ್ತಾರೆ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು ೫೦ ಕಿಲೋಮೀಟರು. ತಿಂಗಳಿಗೆ ಎರಡು ದಿನ ಶಿಕಾರಿಪುರ, ಎರಡು ದಿನ ಸೊರಬ, ಉಳಿದ ದಿನ ಶಿವಮೊಗ್ಗ ಎಂದು ತಂಗಿ ಆಗಲೇ ಬಸ್ಸಿನ ವೇಳೆ ವಿಚಾರಿಸತೊಡಗಿದ್ದಾಳೆ.