ಸೈನಿಕರ ಮೊಣಕಾಲಿನ ಗಾಯ ಮತ್ತು ಅಂಗವೈಕಲ್ಯ ಪಿಂಚಣಿ

ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಹತ್ತುವಾಗ, ಕಂದಕ ಜಿಗಿಯುವಾಗ, ಕವಾಯತು ಮಾಡುವಾಗ ಸೈನಿಕನ ದೇಹಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಪೆಟ್ಟು ಬಿದ್ದಾಗ ಕೀಲಿನೊಳಗಿನ ಅಸ್ಥಿರಜ್ಜು ಹರಿಯಬಹುದು; ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ಸೀಳಬಹುದು. ಗಾಯ ಮಾಯ್ದಂತೆ ತೋರಿದರೂ ವರ್ಷಗಳ ಬಳಿಕ ಕೀಲು ಸವೆದು ನೋವು ಮರುಕಳಿಸುವುದುಂಟು. ಆಗ ಪರಿಹಾರ ಕೋರುವ ಸೈನಿಕನ ಮುಂದೆ ಬರುವ ಮೊದಲ ಪ್ರಶ್ನೆಯೆಂದರೆ, ಈ ಊನಕ್ಕೆ ಸೇನಾ ಸೇವೆ ಕಾರಣವೇ ಎಂಬುದು.

ಅಂಗವೈಕಲ್ಯವು ಸೇವೆಯಿಂದಲೇ ಉಂಟಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಗೊಂಡಿರಬೇಕು. ಇದನ್ನೂ ಊನದ ಪ್ರಮಾಣವನ್ನೂ ಬಿಡುಗಡೆಯ ಸಮಯದಲ್ಲಿ ವೈದ್ಯಕೀಯ ಮಂಡಳಿಯು ಪರಿಶೀಲಿಸುತ್ತದೆ. ಸೇನೆಯು ಏರ್ಪಡಿಸಿದ ಆಟೋಟಗಳಲ್ಲಿ ಆದ ಗಾಯವನ್ನೂ ಕರ್ತವ್ಯದ ಗಾಯವೆಂದೇ ಪರಿಗಣಿಸಲು ಅವಕಾಶವಿದೆ. ರಜೆಯಲ್ಲಿ ಊರಿಗೆ ಬಂದಾಗ ಮನೆಗೆಲಸದಲ್ಲಿ ಆದ ಗಾಯಕ್ಕೆ ಸಾಮಾನ್ಯವಾಗಿ ಈ ಸೌಲಭ್ಯ ದೊರೆಯುವುದಿಲ್ಲ.

ಅವಧಿ ಮುಗಿಸಿ ನಿವೃತ್ತರಾಗುವವರಿಗೆ ಊನವು ಕನಿಷ್ಠ ಶೇಕಡಾ 20ರಷ್ಟು ಇರಬೇಕು. ಶೇಕಡಾ 100ರಷ್ಟು ಊನಕ್ಕೆ ಕೊನೆಯ ವೇತನದ ಶೇಕಡಾ 30ರಷ್ಟು ಮೊತ್ತ ಸಲ್ಲುತ್ತದೆ. ಕಡಿಮೆ ಊನಕ್ಕೆ ಅದೇ ಅನುಪಾತದಲ್ಲಿ ಇಳಿಯುತ್ತದೆ. ಶೇಕಡಾ 50ಕ್ಕಿಂತ ಕಡಿಮೆಯಿರುವ ಊನವನ್ನು 50 ಎಂದು ಎಣಿಸುವ ಸೌಲಭ್ಯವು ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಹೀಗೆ ಎಣಿಸಿದಾಗ ಶೇಕಡಾ 20ರಷ್ಟು ಊನವಿರುವವರಿಗೆ ಕೊನೆಯ ವೇತನದ ಶೇಕಡಾ 15ರಷ್ಟು ದೊರೆಯುತ್ತದೆ.

ಸೇನೆಗೆ ಸೇರುವಾಗ ದೋಷವೇನೂ ನಮೂದಾಗಿರದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಸಂದೇಹದ ಲಾಭ ಸೈನಿಕನಿಗೇ ಸಲ್ಲಬೇಕು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಆ ತೀರ್ಪಿಗೆ ಆಧಾರವಾದದ್ದು 1982ರ ಅರ್ಹತಾ ನಿಯಮಗಳು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅದಕ್ಕೆ ಮುಂಚೆ ಬಿಡುಗಡೆಯಾದವರಿಗೆ ಹಿಂದಿನ ನಿಯಮಗಳೇ ಅನ್ವಯಿಸುತ್ತವೆ. ಆದ್ದರಿಂದ ಬಿಡುಗಡೆಯ ದಿನಾಂಕವನ್ನು ಮೊದಲು ನೋಡಿಕೊಳ್ಳಬೇಕು.

ನಿಯಮ ಯಾವುದೇ ಇರಲಿ, ಕೋರಿಕೆಗೆ ಬಲ ಕೊಡುವುದು ದಾಖಲೆ. ಗಾಯವಾದಾಗ ಘಟಕದಲ್ಲಿ ಸಿದ್ಧಪಡಿಸುವ ಗಾಯದ ವರದಿ, ಸೇನಾ ಆಸ್ಪತ್ರೆಯ ಬಿಡುಗಡೆ ಪತ್ರ, ಕ್ಷ-ಕಿರಣ ಚಿತ್ರ ಮತ್ತು ವೈದ್ಯಕೀಯ ಮಂಡಳಿಯ ವರದಿ ಇವುಗಳ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಪೆಟ್ಟು ಚಿಕ್ಕದೆಂದು ವರದಿ ಮಾಡಿಸದೆ ಬಿಟ್ಟರೆ, ಇಪ್ಪತ್ತು ವರ್ಷಗಳ ಬಳಿಕ ಅದನ್ನು ರುಜುವಾತುಪಡಿಸುವುದು ಬಹಳ ಕಷ್ಟ. ಪ್ರತಿಗಳು ಇಲ್ಲದವರು ತಮ್ಮ ರೆಜಿಮೆಂಟಿನ ದಾಖಲೆ ಕಚೇರಿಗೆ ಸೇವಾ ಸಂಖ್ಯೆಯೊಡನೆ ಬರೆದು ಕೇಳಬಹುದು.

ಕೋರಿಕೆ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅದೂ ಫಲಿಸದಿದ್ದರೆ ಎರಡನೆಯ ಮೇಲ್ಮನವಿಗೆ ಅವಕಾಶವಿದೆ. ಆ ಬಳಿಕ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು. 2007ರ ಕಾಯಿದೆಯಂತೆ ಸ್ಥಾಪಿತವಾದ ಈ ಮಂಡಳಿಯ ಪ್ರಧಾನ ಪೀಠ ದೆಹಲಿಯಲ್ಲಿದೆ. ಮುಂಬಯಿ, ಚೆನ್ನೈ ಮೊದಲಾದೆಡೆ ಪ್ರಾದೇಶಿಕ ಪೀಠಗಳಿವೆ. ಅರ್ಜಿ ಬರೆಯಲು ತಿಳಿಯದವರು ತಾವಿರುವ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ನೆರವು ಪಡೆಯಬಹುದು. ಈ ಪಿಂಚಣಿಯು ಅರ್ಹ ಸೈನಿಕನಿಗೆ ನ್ಯಾಯವಾಗಿ ಸಲ್ಲಬೇಕಾದ ಹಕ್ಕು. ಅದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.